ಗುಣವಾದವರ ಕಥೆ ಎಲ್ಲಿದೆ?

ಕನ್ನಡದ ಕಥನ ಸಾಹಿತ್ಯಕ್ಕಾಗಲಿ, ಸಿನಿಮಾಕ್ಕಾಗಲಿ ಹುಚ್ಚು ಹೊಸ ವಸ್ತುವಲ್ಲ. ಮೈಮೇಲೆ ಬಂದವರು, ಸರಪಳಿಗೆ ಬಿದ್ದವರು, ಬೀದಿ ಬೀದಿ ಅಲೆಯುವವರು ಅಲ್ಲಿ ಧಾರಾಳವಾಗಿ ಸಿಗುತ್ತಾರೆ. ಆದರೆ ರಾತ್ರಿ ಎರಡು ಗಂಟೆಗೆ ಎದೆ ಡವಗುಟ್ಟಿ ಎದ್ದು ಕೂತು, ಬೆಳಿಗ್ಗೆ ಎಂದಿನಂತೆ ಮಕ್ಕಳಿಗೆ ಡಬ್ಬಿ ಕಟ್ಟುವ ಹೆಂಗಸು, ಅಂಗಡಿಯ ಬಾಗಿಲು ತೆರೆಯುವ ಗಂಡಸು ಅಪರೂಪ. ಅಂಥವರು ವೈದ್ಯರ ಬಳಿ ಹೋಗಿ, ಚಿಕಿತ್ಸೆ ಪಡೆದು ಸುಧಾರಿಸಿಕೊಂಡ ಕಥೆ ಇನ್ನೂ ಅಪರೂಪ. ಜನ ತಮ್ಮ ಸಂಕಟಕ್ಕೆ ಹೆಸರು ಹುಡುಕುವುದು ತಾವು ಕೇಳಿದ, ನೋಡಿದ ಕಥೆಗಳಲ್ಲಿ. ಅಲ್ಲಿರುವುದು ದೆವ್ವ ಮತ್ತು ಹುಚ್ಚಾಸ್ಪತ್ರೆ ಎರಡೇ ಆದರೆ, ಎರಡಕ್ಕೂ ಹೆದರಿ ಅವರು ಬಾಯಿ ಮುಚ್ಚಿಕೊಳ್ಳುತ್ತಾರೆ.

ಕನ್ನಡದಲ್ಲಿ ಈ ಮಾತು ಬಂದಾಗ ಮೊದಲು ನೆನಪಾಗುವುದು ತ್ರಿವೇಣಿಯವರ ‘ಶರಪಂಜರ’. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ ಮನಸ್ಸಿನ ಕಾಯಿಲೆಯನ್ನು ಕಾಯಿಲೆಯೆಂದೇ ಕಂಡವರು. 1971ರಲ್ಲಿ ಪುಟ್ಟಣ್ಣ ಕಣಗಾಲರು ಇದನ್ನು ಸಿನಿಮಾ ಮಾಡಿದರು. ಕಾವೇರಿಯಾಗಿ ನಟಿಸಿದ ಕಲ್ಪನಾ ಮನೆಮಾತಾದರು. ಈ ಕಥೆಯ ಒಂದು ಮುಖ್ಯ ಸಂಗತಿಯನ್ನು ಹೆಚ್ಚಿನವರು ಮರೆತಿದ್ದಾರೆ. ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗುತ್ತಾಳೆ. ವೈದ್ಯರು ಸೋಲುವುದಿಲ್ಲ. ಮನೆಗೆ ಮರಳಿದ ಮೇಲೆ ಅವಳ ನಗು, ಸಿಟ್ಟು, ಮೌನ ಎಲ್ಲವನ್ನೂ ಅನುಮಾನದಿಂದ ಅಳೆಯುವ ನೆರೆಹೊರೆ ಮತ್ತು ಕೈಬಿಟ್ಟ ಗಂಡ ಸೇರಿ ಅವಳನ್ನು ಮತ್ತೆ ಕೆಡವುತ್ತಾರೆ. ಆದರೆ ನೋಡಿದವರ ಮನಸ್ಸಿನಲ್ಲಿ ಉಳಿದದ್ದು ಕೊನೆಯ ಹುಚ್ಚಿನ ಕಾವೇರಿ. ಸಮಾಜದ ಮೇಲಿನ ಆರೋಪಪಟ್ಟಿಯನ್ನು ಸಮಾಜವು ಎಚ್ಚರಿಕೆಯ ಫಲಕವಾಗಿ ಓದಿಕೊಂಡಿತು: ಆ ಆಸ್ಪತ್ರೆಯ ಮೆಟ್ಟಿಲು ಹತ್ತಿದವರು ಸರಿಯಾಗುವುದಿಲ್ಲ, ಹೆಣ್ಣು ಕೊಡಬೇಡಿ, ಹೆಣ್ಣು ತರಬೇಡಿ.

2004ರಲ್ಲಿ ಬಂದ ‘ಆಪ್ತಮಿತ್ರ’ ಇನ್ನೊಂದು ಬಗೆಯದು. ಅದರಲ್ಲಿ ಮನೋವೈದ್ಯನೇ ನಾಯಕ. ದೆವ್ವವೆಂದು ಎಲ್ಲರೂ ನಂಬಿದ್ದನ್ನು ಅವನು ಕಾಯಿಲೆಯೆಂದು ಗುರುತಿಸುತ್ತಾನೆ. ಅಲ್ಲಿಯವರೆಗೆ ಮೆಚ್ಚಬೇಕಾದ್ದೇ. ಆದರೆ ಗುಣಪಡಿಸುವ ಹೊತ್ತಿಗೆ ಆಚಾರ್ಯರೊಬ್ಬರ ನೆರವು ಪಡೆದು, ಪೂಜೆಯ ವೇಷದ ಒಂದು ನಾಟಕ ಹೂಡಬೇಕಾಗುತ್ತದೆ. ಒಂದೇ ರಾತ್ರಿಯಲ್ಲಿ ನಾಗವಲ್ಲಿ ತೊಲಗುತ್ತಾಳೆ, ಗಂಗಾ ಎದ್ದು ಕೂರುತ್ತಾಳೆ. ವಿಜ್ಞಾನ ಗೆದ್ದಂತೆ ಕಂಡರೂ ಪ್ರೇಕ್ಷಕ ಮನೆಗೊಯ್ದದ್ದು ‘ಬಿಡಿಸುವುದು’ ಎಂಬ ಹಳೆಯ ಕಲ್ಪನೆಯನ್ನೇ.

ಈ ಕಲ್ಪನೆ ನಮ್ಮ ಮುಸ್ಲಿಂ ಮನೆಗಳಿಗೂ ಪರಕೀಯವಲ್ಲ. ಮಗಳು ಊಟ ಬಿಟ್ಟರೆ ನಜರ್, ಸೊಸೆ ನಡುಗಿದರೆ ಅಸರ್. ಮೊದಲು ಆಮಿಲ್, ಆಮೇಲೆ ತಾವೀಜು, ಅದೂ ನಾಟದಿದ್ದರೆ ದೂರದ ಯಾವುದೋ ದರ್ಗಾ. ಈ ದಾರಿ ಕೆಲವೊಮ್ಮೆ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು 2001ರ ಆಗಸ್ಟ್ 6ರಂದು ದೇಶ ನೋಡಿತು. ತಮಿಳುನಾಡಿನ ಏರ್ವಾಡಿ ದರ್ಗಾದ ಬಳಿಯ ಖಾಸಗಿ ಆಶ್ರಯಧಾಮವೊಂದಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದವರು ಓಡಲಾಗಲಿಲ್ಲ. 28 ಜನ ಸತ್ತರು. 2017ರ ಮಾನಸಿಕ ಆರೋಗ್ಯ ಕಾಯ್ದೆಯು ರೋಗಿಗೆ ಸರಪಳಿ ಹಾಕುವುದನ್ನು ನಿಷೇಧಿಸಿದೆ. ಚಿಕಿತ್ಸೆಯನ್ನು ಹಕ್ಕೆಂದೂ, ರೋಗಿಯ ವಿವರಗಳನ್ನು ಗುಟ್ಟಾಗಿಡಬೇಕೆಂದೂ ಹೇಳಿದೆ. ಕಾನೂನು ಸರಪಳಿಯನ್ನು ಕಳಚಬಹುದು, ಮನೆಯವರ ಮನಸ್ಸಿನಲ್ಲಿರುವ ಚಿತ್ರವನ್ನು ಅಳಿಸುವುದು ಅದರ ಕೈಲಾಗದ ಕೆಲಸ. ಆ ಕೆಲಸ ಕಥೆ ಹೇಳುವವರದು.

ನಮ್ಮ ಮನೆಗಳಲ್ಲಿ ಹಿಂದಿ ಸಿನಿಮಾವನ್ನೂ ಅಷ್ಟೇ ಪ್ರೀತಿಯಿಂದ ನೋಡುತ್ತಾರೆ. 2016ರ ‘ಡಿಯರ್ ಜಿಂದಗಿ’ಯಲ್ಲಿ ಶಾರುಖ್ ಖಾನ್ ಡಾಕ್ಟರ್ ಜಹಾಂಗೀರ್ ಖಾನ್ ಆಗಿ ಕಾಣಿಸಿಕೊಂಡರು. ನಿದ್ದೆಗೆಟ್ಟ ಹುಡುಗಿಯೊಬ್ಬಳು ಅವರೆದುರು ಕೂತು ಮಾತಾಡುತ್ತಾಳೆ, ಅವರು ಕೇಳುತ್ತಾರೆ. ದೆವ್ವವಿಲ್ಲ, ಸರಪಳಿಯಿಲ್ಲ, ಕೊನೆಗೆ ಅವಳು ಚೇತರಿಸಿಕೊಂಡು ಹೊರನಡೆಯುತ್ತಾಳೆ. ಅವಳ ಮನಸ್ಸು ತಮ್ಮ ಕಡೆ ವಾಲಿದಾಗ ವೈದ್ಯರು ಗೆರೆ ದಾಟುವುದಿಲ್ಲ. ಇಷ್ಟನ್ನು ತೋರಿಸಿದ್ದಕ್ಕೆ ಆ ಸಿನಿಮಾಕ್ಕೆ ಋಣಿಯಾಗಿರಬೇಕು. ಆದರೆ ಅಲ್ಲಿನ ಗೋವಾ, ಕಡಲತೀರದ ನಡಿಗೆ, ಹುಡುಗಿಯ ಇಂಗ್ಲಿಷ್, ಇವೆಲ್ಲ ‘ಇದು ಉಳ್ಳವರ ಕಾಯಿಲೆ’ ಎಂಬ ಮಾತಿಗೂ ಪುಷ್ಟಿ ಕೊಟ್ಟವು.

ಬೀಡಿ ಕಟ್ಟುವವಳಿಗೂ, ಗುಜರಿ ಅಂಗಡಿಯವನಿಗೂ ಈ ಕಾಯಿಲೆ ಬರುತ್ತದೆ. ‘ದಿಲ್ ಘಬ್ರಾರಾ’ ಎಂದು ದಖನಿಯಲ್ಲಿ ಹೇಳುವವರು, ‘ಜೀವ ಹೋದಂಗಾಗ್ತದೆ’ ಎಂದು ಕನ್ನಡದಲ್ಲಿ ಹೇಳುವವರು ಒಂದನ್ನೇ ಹೇಳುತ್ತಿದ್ದಾರೆ. ಘಬ್ರಾಹಟ್, ಗಾಬರಿ ಒಂದೇ ಬಳ್ಳಿಯ ಕಾಯಿಗಳಂತೆ ಕೇಳಿಸುತ್ತವೆ. ಅವರು ಮೊದಲು ಹೋಗುವುದು ಹೃದಯದ ವೈದ್ಯರ ಬಳಿ. ಇಸಿಜಿ ಸರಿಯಾಗಿದೆ, ‘ಏನೂ ಇಲ್ಲ, ಟೆನ್ಷನ್’ ಎಂದು ಕಳುಹಿಸುತ್ತಾರೆ. ಏನೂ ಇಲ್ಲವೆಂದರೆ ನಾಟಕ ಮಾಡುತ್ತಿದ್ದಾಳೆ ಎಂದು ಮನೆಯಲ್ಲಿ ಅರ್ಥವಾಗುತ್ತದೆ. ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಆತಂಕ, ಖಿನ್ನತೆಯಂಥ ಸಾಮಾನ್ಯ ಮನೋರೋಗವುಳ್ಳ ನೂರರಲ್ಲಿ 80ಕ್ಕೂ ಹೆಚ್ಚು ಜನ ಚಿಕಿತ್ಸೆಯ ಹೊರಗೇ ಇದ್ದರು.

ಚಿಕಿತ್ಸೆಯಲ್ಲಿ ಕಥೆಯಾಗುವಂಥದ್ದು ಏನಿದೆ ಎಂದು ಕೇಳಬಹುದು. ಬಹಳ ಇದೆ. ಶುಕ್ರವಾರ ಮಸೀದಿಯಲ್ಲಿ ಯಾವಾಗಲೂ ಬಾಗಿಲ ಬಳಿಯ ಕೊನೆಯ ಸಫ್‌ನಲ್ಲೇ ನಿಲ್ಲುವ ಒಬ್ಬನನ್ನು ಊಹಿಸಿಕೊಳ್ಳೋಣ. ಮುಂದೆ ನಿಂತರೆ ಉಸಿರು ಕಟ್ಟೀತು, ಹೊರಬರಲಾಗದೀತು ಎಂಬ ಭಯ. ಜನ ಅದನ್ನು ವಿನಯವೆಂದುಕೊಂಡಿದ್ದಾರೆ. ಮನಶ್ಶಾಸ್ತ್ರಜ್ಞರು ಅವನಿಗೆ ಮಂತ್ರ ಹಾಕುವುದಿಲ್ಲ. ಭಯ ಬಂದಾಗ ಏನು ಯೋಚನೆ ಬಂತು ಎಂದು ಬರೆದಿಡಲು ಹೇಳುತ್ತಾರೆ. ಆಮೇಲೆ ಒಂದು ವಾರ ಒಂದು ಸಫ್ ಮುಂದೆ, ಮತ್ತೊಂದು ವಾರ ಇನ್ನೊಂದು. ಭಯ ಏರುತ್ತದೆ, ತಾನಾಗಿ ಇಳಿಯುತ್ತದೆ, ಅವನು ಸಾಯುವುದಿಲ್ಲ. ಹೀಗೆ ಸಾಮಾನ್ಯವಾಗಿ ಹತ್ತು-ಹದಿನೈದು ಭೇಟಿಗಳ ಕೆಲಸ. ಅಗತ್ಯವಿದ್ದರೆ ಮನೋವೈದ್ಯರು ಮಾತ್ರೆ ಬರೆಯುತ್ತಾರೆ. ಅದರ ಗುಣ ಕಾಣಲು ಕೆಲವು ವಾರ ಬೇಕು. ಮೊದಲ ದಿನಗಳಲ್ಲಿ ತಳಮಳ ತುಸು ಹೆಚ್ಚಿದಂತೆಯೂ ಅನಿಸಬಹುದು. ಎಷ್ಟೋ ಜನ ಮಾತ್ರೆ ಬಿಡುವುದು ಆಗಲೇ. ತಟ್ಟನೆ ಶಾಂತಗೊಳಿಸುವ ಕೆಲವು ಮಾತ್ರೆಗಳು ಚಟವಾಗುವಂಥವು, ವೈದ್ಯರನ್ನು ಕೇಳದೆ ಮೆಡಿಕಲ್ ಶಾಪಿನಿಂದ ತರುವಂಥವಲ್ಲ. ರಂಜಾನ್‌ನಲ್ಲಿ ಮಾತ್ರೆಯ ಹೊತ್ತನ್ನು ಸಹರಿ-ಇಫ್ತಾರಿಗೆ ಹೊಂದಿಸಲಾಗುತ್ತದೆಯೇ ಎಂದು ಕೇಳುವ ಧೈರ್ಯವೂ ಬೇಕು.

ಸರಿಯಾದವರನ್ನು ಹುಡುಕುವುದೂ ಒಂದು ಕಥೆಯೇ. ಮಾತ್ರೆ ಬರೆಯುವವರು ಮನೋವೈದ್ಯರು, ಮಾತಿನ ಚಿಕಿತ್ಸೆ ಕೊಡುವವರು ಬಹುಮಟ್ಟಿಗೆ ಮನಶ್ಶಾಸ್ತ್ರಜ್ಞರು. ‘ಕೌನ್ಸೆಲರ್’ ಎಂಬ ಫಲಕ ಯಾರೂ ಹಾಕಿಕೊಳ್ಳಬಹುದು, ಚಿಕಿತ್ಸಾ ಮನಶ್ಶಾಸ್ತ್ರಜ್ಞರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರುತ್ತದೆ, ಕೇಳಲು ಸಂಕೋಚ ಬೇಡ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಅಲ್ಲದೆ ಜಿಲ್ಲಾ ಆಸ್ಪತ್ರೆಗಳಲ್ಲೂ ಮನೋವೈದ್ಯ ವಿಭಾಗವಿದೆ. 2022ರಲ್ಲಿ ಶುರುವಾದ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಿದರೆ ಹಣ ಕೊಡದೆ ಕನ್ನಡದಲ್ಲೇ ಮಾತಾಡಬಹುದು. ಆದರೂ ಬುರ್ಖಾ ಹಾಕಿದ ಹೆಂಗಸು ಆ ಬಾಗಿಲ ಮುಂದೆ ಅಳುಕುತ್ತಾಳೆ. ತನ್ನ ನೋವನ್ನೆಲ್ಲ ಧರ್ಮದ ತಲೆಗೆ ಕಟ್ಟಿಯಾರೇ? ಮಗಳ ರಿಶ್ತಾ ತಪ್ಪೀತೇ? ಈ ಅಳುಕು ಹುಸಿಯಲ್ಲ. ಅದನ್ನು ಬರೆಯದೆ ‘ಹೋಗಿ ತೋರಿಸಿಕೊಳ್ಳಿ’ ಎನ್ನುವ ಉಪದೇಶಕ್ಕೆ ಬೆಲೆಯಿಲ್ಲ.

ಇಮಾನ್ ಗಟ್ಟಿಯಿದ್ದರೆ ಗಾಬರಿ ಬರದು ಎನ್ನುವವರಿಗೂ ಒಂದು ಮಾತು. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಅಬೂ ಜೈದ್ ಅಲ್ ಬಲ್ಖಿ ಎಂಬ ವಿದ್ವಾಂಸರು ಆರೋಗ್ಯದ ಬಗ್ಗೆ ಬರೆದ ಗ್ರಂಥದಲ್ಲಿ ದೇಹಕ್ಕೊಂದು ಭಾಗವಿಟ್ಟರು, ಮನಸ್ಸಿಗೊಂದು ಭಾಗವಿಟ್ಟರು. ಭಯವನ್ನೂ ದುಃಖವನ್ನೂ ಉಪಚಾರ ಬೇಡುವ ಸಂಗತಿಗಳೆಂದೇ ಚರ್ಚಿಸಿದರು. ಸಕ್ಕರೆ ಕಾಯಿಲೆಗೆ ದುಆ ಮಾಡುತ್ತಲೇ ಮಾತ್ರೆ ನುಂಗುವ ನಾವು ಮನಸ್ಸಿನ ವಿಷಯದಲ್ಲಿ ಮಾತ್ರ ಎರಡರಲ್ಲಿ ಒಂದನ್ನು ಆರಿಸಿಕೋ ಎನ್ನುವುದು ಯಾವ ನ್ಯಾಯ?

ಬಾನು ಮುಷ್ತಾಕ್ ಅವರ ಕಥೆಗಳಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಕನ್ನಡ ಮುಸ್ಲಿಂ ಮನೆಯ ಒಳಕೋಣೆಯತ್ತ ಜಗತ್ತು ತಿರುಗಿ ನೋಡಿತು. ಆ ಒಳಕೋಣೆಯಲ್ಲಿ ರಾತ್ರಿ ಎದ್ದು ಕೂರುವವರೂ ಇದ್ದಾರೆ. ಅವರನ್ನು ಹುಚ್ಚಿಗೆ ತಳ್ಳಿ ದುರಂತ ಕಟ್ಟುವುದು ಸುಲಭ, ಓದುಗರ ಕಣ್ಣೀರೂ ಸಿಗುತ್ತದೆ. ಸರದಿಯಲ್ಲಿ ಕೂತು ಚೀಟಿ ಮಾಡಿಸುವ, ಮೂರನೇ ಭೇಟಿಗೆ ಹೋಗಲೊಲ್ಲೆ ಎಂದು ಹಟ ಹಿಡಿಯುವ, ಆರು ತಿಂಗಳ ನಂತರ ಮದುವೆ ಮನೆಯ ಗದ್ದಲದಲ್ಲಿ ನಿಶ್ಚಿಂತೆಯಿಂದ ಬಿರಿಯಾನಿ ಉಣ್ಣುವ ಹೆಂಗಸಿನ ಕಥೆ ಬರೆಯುವುದು ಕಷ್ಟ. ಆದರೂ ಬರೆಯಬೇಕು. ಅದನ್ನು ಓದಿದ ಯಾರೋ ಒಬ್ಬಳು ಮಾರನೇ ದಿನ ಗಂಡನಿಗೋ ಅಮ್ಮನಿಗೋ ‘ನನಗೂ ಹೀಗೇ ಆಗುತ್ತದೆ’ ಎಂದು ಹೇಳಿದರೂ ಸಾಕು.