ಮಿಕ್ಕ ಅಕ್ಕಿಯ ಲೆಕ್ಕ

ನಮ್ಮ ಸಾಹಿತ್ಯ ವೇದಿಕೆಗಳಲ್ಲಿ ಪ್ರಜಾಪ್ರಭುತ್ವದ ಮಾತು ಬಂದೊಡನೆ ಅನುಭವಮಂಟಪದ ಸ್ಮರಣೆಯಾಗುತ್ತದೆ. ಅದು ಉಚಿತವೇ. ಆದರೆ ಅಲ್ಲಿಯ ಸಮಾನತೆಯನ್ನು ಕೊಂಡಾಡುವ ನಮ್ಮ ವಿಮರ್ಶೆ, ಶರಣರೆತ್ತಿದ ದುಡಿಮೆ ಮತ್ತು ಸಂಪತ್ತಿನ ಪ್ರಶ್ನೆಯನ್ನು ಬದಿಗಿರಿಸಿದೆ ಎಂಬುದು ನನ್ನ ಆಕ್ಷೇಪ.

ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನೇ ನೋಡೋಣ. ಪತಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಆಕೆ ಹೇಳಿದಳು. ಇದನ್ನು ನಾವು ಬಡವರ ಸಂತೃಪ್ತಿಯ ಪಾಠವೆಂದು ಓದುತ್ತ ಬಂದಿದ್ದೇವೆ. ಈ ಓದು ಉಳ್ಳವರಿಗೆ ಅನುಕೂಲಕರ. ಆಸೆಯನ್ನು ತೊರೆಯಬೇಕಾದವನು ಅಕ್ಕಿ ಆಯುವವನು ಮಾತ್ರವೆ? ಕಣಜ ತುಂಬಿಕೊಂಡವನಿಗೆ ಆ ಮಾತು ಸಲ್ಲದೆ?

ಈ ಪ್ರಶ್ನೆ ನಮ್ಮ ನೆಲಕ್ಕೆ ಹೊಸದಲ್ಲ. 1920ರ ಮಾರ್ಚ್ ತಿಂಗಳಲ್ಲಿ ಇಲ್ಲಿಯ ಮಾಣಗಾವದಲ್ಲಿ, ಶಾಹು ಮಹಾರಾಜರ ಬೆಂಬಲದಿಂದ ನೆರೆದ ಪರಿಷತ್ತಿಗೆ ಡಾ. ಅಂಬೇಡ್ಕರರು ಅಧ್ಯಕ್ಷರಾಗಿದ್ದರು. ಅವರೇ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದರು: ರಾಜಕೀಯದಲ್ಲಿ ಎಲ್ಲರಿಗೂ ಸಮನಾದ ಒಂದು ಮತ, ಆರ್ಥಿಕ ಜೀವನದಲ್ಲಿ ಅಸಮಾನತೆ, ಈ ವೈರುಧ್ಯ ಬಹುಕಾಲ ಉಳಿದರೆ ಪ್ರಜಾಪ್ರಭುತ್ವಕ್ಕೇ ಕುತ್ತು.

ಇದಕ್ಕೆ ನಮ್ಮವರು ಕಂಡುಕೊಂಡ ಒಂದು ಉತ್ತರ ಸಹಕಾರ. ಗದಗ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಅದಕ್ಕೆ ಬೀಜ ಬಿತ್ತಿದರು. ಕಂಪನಿಯಲ್ಲಿ ಷೇರು ಹೆಚ್ಚಿದಂತೆ ಮತವೂ ಹೆಚ್ಚು. ಸಹಕಾರಿ ಸಂಘದಲ್ಲಿ ಷೇರು ಎಷ್ಟಿದ್ದರೂ ಸದಸ್ಯನಿಗೆ ಒಂದೇ ಮತ. ಕೊಲ್ಲಾಪುರದಿಂದ ಗಡಹಿಂಗ್ಲಜದವರೆಗೆ ಸಹಕಾರಿ ಸಕ್ಕರೆ ಕಾರ್ಖಾನೆಗಳು ಸಣ್ಣ ರೈತನಿಗೂ ಈ ಗೌರವವನ್ನು ತಂದುಕೊಟ್ಟವು. ಬಂಡವಾಳವನ್ನು ಮತಕ್ಕೆ ತಲೆಬಾಗಿಸಿದ ಸಾಧನೆಯಿದು. ಅದನ್ನು ಹಗುರಾಗಿ ಕಾಣಲಾಗದು.

ಆದರೂ ಬಾಗಿಲು ಅರ್ಧವಷ್ಟೇ ತೆರೆದಿದೆ. ಕಬ್ಬು ಬೆಳೆದವನು ಸದಸ್ಯ. ಮುಕಾದಮನಿಂದ ಮುಂಗಡ ಪಡೆದು, ಕೂಸನ್ನು ಹೊಲದ ಬದುವಿನಲ್ಲಿ ಮಲಗಿಸಿ ಕಬ್ಬು ಕಡಿಯುವವಳು ಸದಸ್ಯಳಲ್ಲ. ಇಚಲಕರಂಜಿಯ ವಿದ್ಯುತ್ ಮಗ್ಗದ ಮುಂದೆ ರಾತ್ರಿ ಪಾಳಿ ನಿಲ್ಲುವ ಕಾರ್ಮಿಕನಿಗೆ ನೇಯ್ದಷ್ಟು ಕೂಲಿ. ನೂಲಿನ ದರದಲ್ಲಾಗಲಿ ಬಟ್ಟೆಯ ದರದಲ್ಲಾಗಲಿ ಅವನ ಮಾತಿಲ್ಲ. ಐದು ವರ್ಷಕ್ಕೊಮ್ಮೆ ಮಾಲೀಕನ ಸರಿಸಮನಾಗಿ ಸಾಲಿನಲ್ಲಿ ನಿಲ್ಲುವ ಈ ಪ್ರಜೆ, ಮರುದಿನ ಷೆಡ್ಡಿನೊಳಗೆ ಮೂಕನಾಗುತ್ತಾನೆ.

ಲಕ್ಕಮ್ಮನ ಹಿರಿಮೆ ಇರುವುದು ಆಕೆ ಮನೆಗೆ ಬಂದ ಅಕ್ಕಿಯ ಲೆಕ್ಕ ಕೇಳಿದ್ದರಲ್ಲಿ. ಆಸ್ತಿಯಿಲ್ಲದಿದ್ದರೂ ಪ್ರಶ್ನಿಸುವ ಅಧಿಕಾರ ತನಗಿದೆಯೆಂದು ಆಕೆ ನಂಬಿದ್ದಳು. ನಮ್ಮ ಸಂಘದ ಕುಟುಂಬಗಳಲ್ಲಿ ಮಗ್ಗ ಇಟ್ಟವರೂ ಇದ್ದಾರೆ, ಮಗ್ಗ ನಡೆಸುವವರೂ ಇದ್ದಾರೆ. ಇಬ್ಬರೂ ಒಂದೇ ಸಭೆಯಲ್ಲಿ ಕುಳಿತು ವಚನ ಕೇಳುತ್ತಾರೆ. ಸಭೆ ಮುಗಿದ ಮೇಲೂ ಅದೇ ಸಮಾನತೆಯಿಂದ ಮಿಕ್ಕ ಅಕ್ಕಿಯ ಲೆಕ್ಕವನ್ನು ಮಾತಾಡಬಲ್ಲವರಾದರೆ, ಅನುಭವಮಂಟಪದ ಹೆಸರೆತ್ತುವ ಅರ್ಹತೆ ನಮಗೆ ಬಂದೀತು.