ಆಟದ ಹಳೆಯ ಪಾಠ: ಅಳಗುಳಿಮನೆ ಮತ್ತು ಅಂತರಜಾಲದ ಆಟಗಳು

ಜನಪದ ಆಟಗಳನ್ನು ಕುರಿತ ನಮ್ಮ ಅಧ್ಯಯನಗಳಲ್ಲಿ ವಿವರಣೆ, ವರ್ಗೀಕರಣಗಳಿಗೆ ದೊರೆತಷ್ಟು ಗಮನ, ಆಟವು ಯಾರ ವಶದಲ್ಲಿದೆ ಎಂಬ ಪ್ರಶ್ನೆಗೆ ದೊರೆತಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಹಳೆಯ ಮನೆಗಳ ಅಟ್ಟದಲ್ಲಿ ಅಳಗುಳಿಮನೆ ಇನ್ನೂ ಕಾಣಸಿಗುತ್ತದೆ. ಜಗಲಿಯಲ್ಲಿ ಹುಡುಗರ ಕೈಯಲ್ಲಿ ಮೊಬೈಲ್ ಆಟವಿರುತ್ತದೆ. ಇವೆರಡನ್ನೂ ಒಟ್ಟಿಗೆ ಪರಿಶೀಲಿಸಿದಾಗ ಆ ಪ್ರಶ್ನೆಯ ಮಹತ್ವ ತಿಳಿಯುತ್ತದೆ.

ಅಳಗುಳಿಮನೆಗೆ ಏಳರಂತೆ ಎರಡು ಸಾಲು, ಒಟ್ಟು 14 ಕುಳಿಗಳು. ಕುಳಿಗೆ ನಾಲ್ಕು ಕಾಳು ಹಾಕುವವರುಂಟು, ಐದು ಹಾಕುವವರೂ ಉಂಟು. ಒಂದು ಪಾಠ ಬಂದುದರಿಂದ ಇನ್ನೊಂದು ಅಳಿಯಬೇಕಾಗಿಲ್ಲ. ಬಲ್ಲವರಿಬ್ಬರು ಎದುರುಬದುರು ಕುಳಿತರೆ ಸಾಕು, ಹುಣಸೆಬೀಜದಿಂದಲೇ ಹಳೆಯ ಆಟ ಮರಳಿ ಬರುತ್ತದೆ.

ಅಂತರಜಾಲದ ಆಟದ ಸ್ಥಿತಿ ಬೇರೆ. ಕೇಂದ್ರ ಸರ್ಕಾರವು 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಮೊಬೈಲನ್ನು ನಿಷೇಧಿಸಿತು. ಅದೇ ವರ್ಷದ ಅಕ್ಟೋಬರ್ 30ರಂದು ಭಾರತದ ಆಟಗಾರರಿಗೆ ಅದರ ಸರ್ವರ್ ಮುಚ್ಚಿತು. 2021ರ ಜುಲೈನಲ್ಲಿ ಅದರ ಸ್ಥಾನಕ್ಕೆ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಬಂದಿತು. ಅದರಲ್ಲಿ ನೆತ್ತರಿನ ಬಣ್ಣ ಹಸಿರಾಯಿತು. 18 ವರ್ಷದೊಳಗಿನವರಿಗೆ ದಿನಕ್ಕೆ ಮೂರು ಗಂಟೆಯ ಮಿತಿ ಬಂದಿತು. ಜಾನಪದದ ಪರಿಭಾಷೆಯಲ್ಲಿ ಇದು ಪಾಠಾಂತರವೇ. ಆದರೆ ಮೂಲಪಾಠವನ್ನು ಆಡಬಯಸುವವನಿಗೆ ದಾರಿಯೇ ಉಳಿಯಲಿಲ್ಲ. ಮಿತಿಗಳ ಹಿಂದಿನ ಕಾಳಜಿಯನ್ನು ಅಲ್ಲಗಳೆಯಬೇಕಾಗಿಲ್ಲ; ಇಲ್ಲಿ ಗಮನಿಸಬೇಕಾದುದು, ಮಣೆಯು ಆಡುವವರ ಮನೆಯಲ್ಲಿಲ್ಲ ಎಂಬುದನ್ನು.

ಇದು ತಂತ್ರಜ್ಞಾನದ ಅನಿವಾರ್ಯತೆ ಎನ್ನುವ ವಾದವು ನಿಲ್ಲುವುದಿಲ್ಲ. ಸೈಬರ್ ಕೆಫೆಗಳ ಕಾಲದ ಕೌಂಟರ್-ಸ್ಟ್ರೈಕ್ 1.6ರಲ್ಲಿ ಆಟಗಾರರೇ ತಮ್ಮ ಕಂಪ್ಯೂಟರನ್ನು ಸರ್ವರ್ ಆಗಿಸಬಹುದಿತ್ತು. ಹೊಸ ಆವೃತ್ತಿಗಳು ಬಂದರೂ ಅದು ಉಳಿಯಿತು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ ಹಳೆಯ ರೂಪವನ್ನು ಅಭಿಮಾನಿಗಳು ನೋಸ್ಟಾಲ್ರಿಯಸ್ ಎಂಬ ಸರ್ವರಿನಲ್ಲಿ ನಡೆಸುತ್ತಿದ್ದರು. ಕಾನೂನು ಕ್ರಮದ ಎಚ್ಚರಿಕೆಯಿಂದ 2016ರಲ್ಲಿ ಅದು ಮುಚ್ಚಿತು. ಆದರೆ 2019ರ ಆಗಸ್ಟ್‌ನಲ್ಲಿ ಕಂಪನಿಯೇ 'ಕ್ಲಾಸಿಕ್' ಎಂಬ ಹೆಸರಿನಲ್ಲಿ ಹಳೆಯ ಆಟವನ್ನು ಮರಳಿ ತಂದಿತು. ಹಳೆಯದನ್ನು ಉಳಿಸುವುದು ಅಸಾಧ್ಯವಲ್ಲ, ಅದು ಒಡೆಯನ ಇಚ್ಛೆಗೆ ಬಿಟ್ಟ ವಿಷಯವಾಗಿದೆ ಎಂಬುದು ಇದರಿಂದ ಸಿದ್ಧವಾಗುತ್ತದೆ.

ಹಾಗೆಂದು ಆಟ ಉಳಿಯಲು ಸರ್ವರ್ ಒಂದೇ ಸಾಲದು. ವಸ್ತುಸಂಗ್ರಹಾಲಯದ ಗಾಜಿನೊಳಗಿನ ಅಳಗುಳಿಮನೆಯು ಮರದ ಕೆತ್ತನೆಯಾಗಿ ಉಳಿದಿದೆ, ಆಟವಾಗಿ ಅಲ್ಲ. ಕಾಳೆಣಿಸುವ ಬೆರಳಿನ ಜಾಣ್ಮೆ, ಸೋತವರನ್ನು ಕೆಣಕುವ ಮಾತು, ನೋಡುವವರ ಸಲಹೆ ಇವೆಲ್ಲ ಸೇರಿ ಆಟವಾಗುತ್ತದೆ. ಮೊಬೈಲಿನಲ್ಲಿ ಜೊತೆಗೂಡಿ ಆಡುವ ಹುಡುಗರ ಕೂಗು, ಸಂಕೇತ, ಹುರುಡುಗಳೂ ಇಂಥವೇ. ಅವುಗಳನ್ನು ದಾಖಲಿಸುವ ಹೊಣೆಯನ್ನು ಜಾನಪದ ವಿದ್ವಾಂಸರು ಹೊರಬೇಕು. ಆದರೆ ದಾಖಲೆಯು ಆಟಕ್ಕೆ ಬದಲಿಯಾಗಲಾರದು. ಕಂಪನಿಯು ಕೈಬಿಟ್ಟ ಆಟವನ್ನು ಆಡುವವರೇ ನಡೆಸಿಕೊಳ್ಳುವ ಅವಕಾಶ ಕಾನೂನಿನಲ್ಲಿ ಇರಬೇಕೆಂಬ ಬೇಡಿಕೆಯನ್ನು ನಾವು ಮನರಂಜನೆಯ ಹಠವೆಂದು ತಳ್ಳಿಹಾಕಬಾರದು. ಅದು ಪರಂಪರೆಯ ಹಕ್ಕಿನ ಪ್ರಶ್ನೆ.