ಕುಂಟುತ್ತಾ ಆಡಿದ ಸೆಟ್ಟುಗಳು

2007ರ ವಿಂಬಲ್ಡನ್, ನಾಲ್ಕನೇ ಸುತ್ತು. ಸೆರೆನಾ ವಿಲಿಯಮ್ಸ್ ಎದುರಿಗೆ ಸ್ಲೊವಾಕಿಯಾದ ಡ್ಯಾನಿಯೆಲಾ ಹಂಟುಕೋವಾ. ಮೊದಲ ಸೆಟ್ ಸೆರೆನಾ ಪಾಲಾಗಿತ್ತು. ಎರಡನೆಯದು 5–5ಕ್ಕೆ ಬಂದಾಗ ಅವರ ಎಡಗಾಲಿನ ಮೀನಖಂಡ ಹಿಡಿದುಕೊಂಡಿತು. ಹುಲ್ಲಿನ ಮೇಲೆ ಕುಸಿದು ಬಿದ್ದು ನರಳಿದರು. ಕಾಲಿಗೆ ದಪ್ಪಗೆ ಬ್ಯಾಂಡೇಜ್ ಸುತ್ತಿಸಿಕೊಂಡು ಎದ್ದರು. ಓಡಲು ಆಗುತ್ತಿರಲಿಲ್ಲ, ನಿಂತಲ್ಲಿಂದಲೇ ಬೀಸಿ ಬೀಸಿ ಹೊಡೆದರು. ನಡುವೆ ಮಳೆ ಬಂದು ಆಟ ನಿಂತಿತು. ಕಾಲಿಗೆ ಸಿಕ್ಕ ಆ ಬಿಡುವು ದೊಡ್ಡ ಉಪಕಾರ ಮಾಡಿತು. ಎರಡನೇ ಸೆಟ್ ಕೈತಪ್ಪಿದರೂ 6–2, 6–7, 6–2ರಲ್ಲಿ ಪಂದ್ಯ ಗೆದ್ದರು. ಮುಂದಿನ ಸುತ್ತಿನಲ್ಲಿ ಎಡಗೈ ಹೆಬ್ಬೆರಳು ನೋಯುತ್ತಿದ್ದಾಗಲೇ ಜಸ್ಟಿನ್ ಹೆನಿನ್ ಎದುರು ಆಡಿ ಸೋತರು.

ಇದಾಗಿ ಎಂಟು ತಿಂಗಳಿಗೆ ಅದೇ ಸೆರೆನಾ ಬೆಂಗಳೂರಿನಲ್ಲಿದ್ದರು. 2008ರ ಮಾರ್ಚ್, ಕಬ್ಬನ್ ಪಾರ್ಕಿನ ಟೆನಿಸ್ ಅಂಗಳ. ಅಲ್ಲಿ ನಡೆದ ಮಹಿಳಾ ಟೂರ್ನಿಯ ಸೆಮಿಫೈನಲ್‌ನಲ್ಲಿ ಅಕ್ಕ ವೀನಸ್ ಎದುರು ಮೂರನೇ ಸೆಟ್ಟಿನ ಟೈಬ್ರೇಕ್‌ವರೆಗೂ ಹೋಗಿ ಗೆದ್ದರು; ಫೈನಲ್‌ನಲ್ಲಿ ಪ್ಯಾಟಿ ಶ್ನೈಡರ್ ಅವರನ್ನು ನೇರ ಸೆಟ್‌ಗಳಲ್ಲಿ ಮಣಿಸಿದರು. ಹೊಸಕೋಟೆ, ನೆಲಮಂಗಲದ ಟೆನಿಸ್ ಹುಚ್ಚಿನವರಿಗೆ ಅದು ಮನೆ ಬಾಗಿಲಿಗೇ ಬಂದ ಹಬ್ಬ.

ಆ ಹಬ್ಬದಲ್ಲಿ ಒಬ್ಬರು ಇರಲಿಲ್ಲ. 2006ರಲ್ಲಿ ಇದೇ ಟೂರ್ನಿಯಲ್ಲಿ ಲೀಝೆಲ್ ಹ್ಯೂಬರ್ ಜೊತೆ ಡಬಲ್ಸ್ ಗೆದ್ದಿದ್ದ ಸಾನಿಯಾ ಮಿರ್ಜಾ, ಬೆನ್ನಿಗೆ ಬಿದ್ದಿದ್ದ ವಿವಾದಗಳಿಂದ ಬೇಸತ್ತು ಆ ವರ್ಷ ಇಲ್ಲಿಗೆ ಬರಲಿಲ್ಲ. ಸ್ವಲ್ಪ ದಿನದಲ್ಲೇ ಅವರ ಬಲ ಮಣಿಕಟ್ಟಿಗೆ ಶಸ್ತ್ರಚಿಕಿತ್ಸೆ ಆಯಿತು. ಆಗಸ್ಟ್‌ನಲ್ಲಿ ಬೀಜಿಂಗ್ ಒಲಿಂಪಿಕ್ಸ್. ಇಡೀ ದೇಶ ಟಿವಿ ಮುಂದೆ ಕೂತಿದ್ದಾಗ ಇವೆಟಾ ಬೆನೆಸೋವಾ ಎದುರು 1–6, 1–2ರಲ್ಲಿ ಹಿಂದಿದ್ದ ಸಾನಿಯಾ ಮಣಿಕಟ್ಟಿನ ನೋವು ತಾಳಲಾರದೆ ಪಂದ್ಯ ಬಿಟ್ಟರು. ಅವರ ಆಟದ ಜೀವವೇ ಫೋರ್‌ಹ್ಯಾಂಡ್. ಆ ಫೋರ್‌ಹ್ಯಾಂಡಿನ ಜೀವ ಮಣಿಕಟ್ಟಿನಲ್ಲಿ. ಕೊನೆಯ ಗಳಿಗೆಯಲ್ಲಿ ಮಣಿಕಟ್ಟನ್ನು ಚಾವಟಿಯಂತೆ ತಿರುಗಿಸಿ ಬಾರಿಸುತ್ತಿದ್ದ ಆ ಹೊಡೆತವೇ ಅವರನ್ನು 2007ರಲ್ಲಿ ಸಿಂಗಲ್ಸ್‌ನ 27ನೇ ರ‍್ಯಾಂಕಿಗೆ ಏರಿಸಿತ್ತು. ಏರಿಸಿದ ಕೀಲೇ ಕೈಕೊಟ್ಟಿತು.

ಈ ಎರಡು ಪ್ರಸಂಗಗಳನ್ನು ನಮ್ಮ ಕ್ರೀಡಾ ಪುಟಗಳು ಬರೆಯುವ ಬಗೆ ಬೇರೆ ಬೇರೆ. ಕುಂಟುತ್ತಾ ಗೆದ್ದವಳು ಛಲಗಾತಿ. ನಡುವೆ ನಿಲ್ಲಿಸಿದವಳಿಗೆ ಒಂದು ಸಾಲಿನ ಸಹಾನುಭೂತಿ, ಅದರ ಬೆನ್ನಿಗೇ ಒಂದು ಅನುಮಾನ. ಈ ತಕ್ಕಡಿ ಸರಿಯಿಲ್ಲ.

ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ನಡೆದರೆ ವಿದ್ಯುತ್ ಮಗ್ಗಗಳ ಸದ್ದು ಕಿವಿ ತುಂಬುತ್ತದೆ. ಅಲ್ಲಿ ಹೆಚ್ಚಿನ ಕಡೆ ಕೂಲಿ ಸಿಗುವುದು ನೇಯ್ದ ಸೀರೆಯ ಲೆಕ್ಕಕ್ಕೆ. ಕೈ ನೋಯುತ್ತದೆಂದು ಮಗ್ಗ ನಿಲ್ಲಿಸಿದರೆ ಆ ವಾರದ ಬಟವಾಡೆ ಅಷ್ಟಕ್ಕಷ್ಟೆ. ಹೀಗಾಗಿ ಹೆಂಗಸರು ಕೈಗೆ ಬಟ್ಟೆ ಸುತ್ತಿಕೊಂಡೇ ತುಂಡಾದ ಎಳೆಗೆ ಗಂಟು ಹಾಕುತ್ತಾರೆ. ಅವರನ್ನು ಯಾರೂ ಛಲಗಾತಿ ಎಂದು ಕೊಂಡಾಡುವುದಿಲ್ಲ. ವಿಧಿಯಿಲ್ಲ, ಪಾಪ, ಅನ್ನುತ್ತಾರೆ. ಟೆನಿಸ್ ಆಟಗಾರ್ತಿಯ ಲೆಕ್ಕವೂ ಬಹುಪಾಲು ಇದೇ. ಆಡಿದರೆ ಕಾಸು, ಇಲ್ಲದಿದ್ದರೆ ಇಲ್ಲ. ಕೋಚ್, ಫಿಸಿಯೊ, ವಿಮಾನದ ಟಿಕೆಟ್, ಹೋಟೆಲು ಎಲ್ಲಕ್ಕೂ ಅವಳದೇ ಕೈಚೀಲ. ಒಟ್ಟು ಬಹುಮಾನವೇ 15 ಸಾವಿರ ಡಾಲರ್ ಇರುವ ಕೆಳಹಂತದ ಟೂರ್ನಿಗಳಲ್ಲಿ ಅಲೆಯುವ ಹುಡುಗಿಗೆ ಮೊದಲ ಸುತ್ತಿನ ಸೋಲಿನಿಂದ ಬರುವ ಹಣ ಊಟ, ಓಡಾಟಕ್ಕೂ ಸಾಲದು.

ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಹತ್ತಿರದಲ್ಲಿ ಕ್ರಿಕೆಟ್ ಮಂಡಳಿಯ ಉತ್ಕೃಷ್ಟತಾ ಕೇಂದ್ರ 2024ರ ಸೆಪ್ಟೆಂಬರ್‌ನಲ್ಲಿ ಬಾಗಿಲು ತೆರೆಯಿತು. ಮಂಡಳಿಯ ವಾರ್ಷಿಕ ಗುತ್ತಿಗೆಯಲ್ಲಿರುವ ಆಟಗಾರ್ತಿ ಗಾಯಗೊಂಡರೆ ಚೇತರಿಕೆಗೆ ಅಲ್ಲಿ ವ್ಯವಸ್ಥೆಯಿದೆ, ಅವಳ ಜಾಗಕ್ಕೆ ಇನ್ನೊಬ್ಬಳು ಇಳಿಯುತ್ತಾಳೆ. ಊರ ಕಬಡ್ಡಿಯಲ್ಲೂ ಹೊರಗೆ ಬದಲಿ ಆಟಗಾರರು ಕೂತಿರುತ್ತಾರೆ. ಟೆನಿಸ್ ಸಿಂಗಲ್ಸ್‌ನಲ್ಲಿ ಬದಲಿ ಎಂಬುದೇ ಇಲ್ಲ. ವೈದ್ಯೋಪಚಾರಕ್ಕೆ ಮೂರು ನಿಮಿಷ. ಅಷ್ಟರೊಳಗೆ ಆಡುವುದೋ ಬಿಡುವುದೋ ತೀರ್ಮಾನಿಸಬೇಕು.

ರ‍್ಯಾಂಕಿಂಗ್ ಪದ್ಧತಿಯೂ ಟೆನಿಸ್ ಆಟಗಾರ್ತಿಯನ್ನು ಅಂಗಳಕ್ಕೆ ನೂಕುತ್ತದೆ. ಗಳಿಸಿದ ಅಂಕಗಳ ಆಯಸ್ಸು 52 ವಾರ. ಆರು ತಿಂಗಳ ಮಟ್ಟಿಗೆ ದೂರ ಉಳಿದವರಿಗೆ ಹಳೆಯ ರ‍್ಯಾಂಕಿನ ರಕ್ಷಣೆ ಇದೆ. ಆದರೆ ಸ್ನಾಯು ಹರಿದೋ ಕಣಕಾಲು ಉಳುಕಿಯೋ ಎರಡು ತಿಂಗಳು ಕೂರಬೇಕಾದವಳಿಗೆ ಆ ಆಸರೆ ಇಲ್ಲ. ಅರೆಬರೆ ವಾಸಿಯಾದ ಕಾಲಿನಲ್ಲಿ ಅಂಕಣಕ್ಕೆ ಇಳಿಯುವವರಲ್ಲಿ ಇಂಥವರೇ ಹೆಚ್ಚು ಎಂದರೆ ಅಚ್ಚರಿಯಿಲ್ಲ.

ಗ್ರ್ಯಾಂಡ್‌ಸ್ಲಾಮ್ ಟೂರ್ನಿಗಳು ಇದಕ್ಕೊಂದು ಮದ್ದು ಹುಡುಕಿದವು. 2018ರಿಂದ, ಮೊದಲ ಸುತ್ತಿಗೆ ಮುನ್ನ ಗಾಯದ ಕಾರಣಕ್ಕೆ ಹಿಂದೆ ಸರಿದವರಿಗೆ ಆ ಸುತ್ತಿನ ಅರ್ಧ ಹಣ, ಉಳಿದರ್ಧ ಅವರ ಬದಲಿಗೆ ಬಂದವರಿಗೆ. ಇದು ಒಳ್ಳೆಯ ನಿಯಮ. ಮಗ್ಗ ನಿಲ್ಲಿಸಿದರೂ ಅರ್ಧ ಕೂಲಿ ಕೊಟ್ಟಂತೆ. ಅದರ ಜೊತೆಗೆ ಒಂದು ಕೋಲನ್ನೂ ಇಟ್ಟರು: ವೃತ್ತಿಪರ ಮಟ್ಟಕ್ಕೆ ತಕ್ಕಂತೆ ಆಡದವರಿಗೆ ದಂಡ. ಆ ಕೋಲು ಎಂಥವರ ಮೇಲೆ ಬಿತ್ತು ನೋಡಿ. ಕಣಕಾಲಿನ ಗಾಯದಿಂದ ದೀರ್ಘಕಾಲ ಆಟ ಬಿಟ್ಟಿದ್ದ ಅನ್ನಾ ತಾತಿಶ್ವಿಲಿ 2019ರ ಫ್ರೆಂಚ್ ಓಪನ್‌ಗೆ ಮರಳಿ, ಮರಿಯಾ ಸಕ್ಕಾರಿ ಎದುರು 0–6, 1–6ರಲ್ಲಿ ಸೋತರು. ಮೊದಲ ಸುತ್ತಿನ ಬಹುಮಾನ 46 ಸಾವಿರ ಯೂರೋವನ್ನು ಪೂರ್ತಿ ದಂಡವಾಗಿ ಕಿತ್ತುಕೊಂಡರು. ಮೇಲ್ಮನವಿಯ ನಂತರ ಆ ದಂಡ ರದ್ದಾಯಿತು. ಮೈ ಮುರಿದುಕೊಂಡು ಎದ್ದು ಬಂದವಳ ಸೋಲನ್ನು ಮೋಸ ಎಂದು ಓದಿದ ಕಣ್ಣಿನಲ್ಲಿಯೇ ದೋಷವಿತ್ತು.

ನಿಲ್ಲಿಸಿದವರನ್ನು ಲೋಕ ಸುಲಭಕ್ಕೆ ಕ್ಷಮಿಸುವುದೂ ಇಲ್ಲ. 2006ರ ಆಸ್ಟ್ರೇಲಿಯನ್ ಓಪನ್ ಫೈನಲ್‌ನಲ್ಲಿ ಅಮೆಲಿ ಮೊರೆಸ್ಮೊ 6–1, 2–0ರಿಂದ ಮುಂದಿದ್ದಾಗ ಹೆನಿನ್ ಆಟ ಬಿಟ್ಟರು. ಭುಜದ ನೋವಿಗೆ ನುಂಗಿದ್ದ ಉರಿಯೂತದ ಮಾತ್ರೆಗಳು ಹೊಟ್ಟೆಯನ್ನು ಕೆಡಿಸಿದ್ದವು. ಹೆನಿನ್ ಮೇಲೆ ಟೀಕೆಯ ಸುರಿಮಳೆಯಾಯಿತು. ಮೊರೆಸ್ಮೊಗೂ ಅನ್ಯಾಯವಾಯಿತು, ನಿಜ. ಮೊದಲ ಗ್ರ್ಯಾಂಡ್‌ಸ್ಲಾಮ್‌ನ ಗೆಲುವಿನ ಹೊಡೆತ ಹೊಡೆಯುವ ಸುಖ ಅವರಿಗೆ ಸಿಗಲಿಲ್ಲ. ಆದರೆ ಆ ಮಾತ್ರೆಗಳನ್ನು ಗಮನಿಸಬೇಕು. ಒಂದು ನೋವನ್ನು ಅದುಮಿ ಆಡಿದ್ದರ ಬೆಲೆಯನ್ನು ದೇಹ ಇನ್ನೊಂದು ಕಡೆ ವಸೂಲಿ ಮಾಡಿತ್ತು. ಟೀಕಿಸಿದವರು ಕೊನೆಯ ಗಳಿಗೆಯನ್ನಷ್ಟೇ ಕಂಡರು.

ಹಾಗೆಂದು ನೋವಿನಲ್ಲಿ ಆಡಿದವರೆಲ್ಲ ತಪ್ಪು ಮಾಡಿದರು ಎನ್ನಲಾಗದು. ಸಿಮೊನಾ ಹಾಲೆಪ್ 2018ರ ಆಸ್ಟ್ರೇಲಿಯನ್ ಓಪನ್‌ನ ಮೊದಲ ಪಂದ್ಯದಲ್ಲೇ ಕಣಕಾಲು ಉಳುಕಿಸಿಕೊಂಡು, ಲಾರೆನ್ ಡೇವಿಸ್ ಎದುರು ಮೂರನೇ ಸೆಟ್ಟನ್ನು 15–13ರವರೆಗೆ ಎಳೆದು ಗೆದ್ದು, ಫೈನಲ್ ತಲುಪಿದರು. ವೋಜ್ನಿಯಾಕಿ ಎದುರು ಸೋತ ರಾತ್ರಿ ನಿರ್ಜಲೀಕರಣದಿಂದ ಆಸ್ಪತ್ರೆ ಸೇರಿದರು. ಅದೇ ಜೂನ್‌ನಲ್ಲಿ ಫ್ರೆಂಚ್ ಓಪನ್ ಗೆದ್ದರು. ಆಸ್ಟ್ರೇಲಿಯನ್ ಓಪನ್‌ನ ಆ ಹದಿನೈದು ದಿನಗಳ ಆಟ ನೋಡಿದವರು ಮರೆಯಲಾರರು. ಹಾಲೆಪ್ ದೇಹ ಆ ಸಾಲವನ್ನು ತಡೆದುಕೊಂಡಿತು. ಸಾನಿಯಾರ ಮಣಿಕಟ್ಟು ತಡೆಯಲಿಲ್ಲ. ಕೊನೆಗೆ 2013ರಲ್ಲಿ ಅವರು ಸಿಂಗಲ್ಸ್ ಬಿಟ್ಟರು. ಅರ್ಧ ಅಂಗಳವನ್ನಷ್ಟೇ ಕಾಯಬೇಕಾದ ಡಬಲ್ಸ್‌ನಲ್ಲಿ 2015ರಲ್ಲಿ ಲೋಕದ ಒಂದನೇ ರ‍್ಯಾಂಕಿಗೆ ಏರಿ, ಮಾರ್ಟಿನಾ ಹಿಂಗಿಸ್ ಜೊತೆ ವಿಂಬಲ್ಡನ್, ಯುಎಸ್ ಓಪನ್, ಆಸ್ಟ್ರೇಲಿಯನ್ ಓಪನ್ ಮೂರನ್ನೂ ಗೆದ್ದರು. ಕುಂಟುತ್ತಾ ಗೆದ್ದ ಯಾವ ಪಂದ್ಯಕ್ಕಿಂತಲೂ ಈ ಬಿಡುವ ನಿರ್ಧಾರ ದೊಡ್ಡದು. ನಮ್ಮಲ್ಲಿ ಅದಕ್ಕೆ ಸಿಕ್ಕ ಚಪ್ಪಾಳೆ ಕಡಿಮೆ.

ಇದೇ ಕಾರಣಕ್ಕೆ ಮ್ಯಾಡಿಸನ್ ಕೀಸ್ ಹೆಸರು ಇಲ್ಲಿ ಬರಬೇಕು. 2024ರ ವಿಂಬಲ್ಡನ್‌ನಲ್ಲಿ ಜಾಸ್ಮಿನ್ ಪಾವೊಲಿನಿ ಎದುರು ಮೂರನೇ ಸೆಟ್ಟಿನಲ್ಲಿ 5–2ರಿಂದ ಮುಂದಿದ್ದರು. ತೊಡೆಯ ಹಿಂಭಾಗದ ಸ್ನಾಯು ಹಿಡಿದುಕೊಂಡಿತು. 5–5 ಆದಾಗ ಕಣ್ಣೀರು ಒರೆಸಿಕೊಳ್ಳುತ್ತಾ ಪಂದ್ಯ ಬಿಟ್ಟರು. ಇನ್ನೆರಡೇ ಗೇಮ್, ಎಳೆದುಬಿಡಬಹುದಿತ್ತು ಎಂದು ಕೂತು ನೋಡುವವರಿಗೆ ಅನಿಸುತ್ತದೆ. ಆರು ತಿಂಗಳ ನಂತರ, 2025ರ ಜನವರಿಯಲ್ಲಿ, ಸಬಲೆಂಕಾ ಅವರನ್ನು ಸೋಲಿಸಿ ಕೀಸ್ ಆಸ್ಟ್ರೇಲಿಯನ್ ಓಪನ್ ಎತ್ತಿಹಿಡಿದರು. ಅವರ ಮೊದಲ ಗ್ರ್ಯಾಂಡ್‌ಸ್ಲಾಮ್ ಅದು.

ಸಾನಿಯಾ ಕೊನೆಯ ಸಲ ಟೂರ್ನಿ ಆಡಿದ್ದು ಇದೇ ಕೀಸ್ ಜೊತೆ. 2022ರಲ್ಲೇ ಆಟ ಮುಗಿಸಬೇಕೆಂದಿದ್ದರು. ಮೊಣಕೈ ಗಾಯ ಅಡ್ಡ ಬಂತು. ಗಾಯವೇ ತನ್ನನ್ನು ಮನೆಗೆ ಕಳಿಸುವುದು ಬೇಡವೆಂದು ವಾಸಿಯಾಗುವವರೆಗೂ ಕಾದರು. 2023ರ ಫೆಬ್ರುವರಿಯಲ್ಲಿ ದುಬೈಯಲ್ಲಿ ಅಂಗಳಕ್ಕಿಳಿದ ಜೋಡಿ ಮೊದಲ ಸುತ್ತಿನಲ್ಲೇ 4–6, 0–6ರಲ್ಲಿ ಸೋತಿತು. ಸಾನಿಯಾ ಆ ಪಂದ್ಯವನ್ನು ಕೊನೆಯ ಪಾಯಿಂಟಿನವರೆಗೂ ಆಡಿದರು.